ಗಡಿಯಾರದಂಗಡಿ ಮುಂದೆ ಹೇಳಿದ ಸುಳ್ಳು

ಅಮ್ಮಾ, ನಮಸ್ಕಾರ.

ಹೋದ ಭಾನುವಾರ ಹಳೇ ಪೇಟೆ ನಡಿಗೆಗೆ ನಿಮ್ಮನ್ನೆಲ್ಲ ಕರೆದುಕೊಂಡು ಹೋದವಳು ನಾನೇ. ವಿಳಾಸ ನಮ್ಮ ನೋಂದಣಿ ಪುಸ್ತಕದಲ್ಲಿ ಸಿಕ್ಕಿತು.

ಗಡಿಯಾರದಂಗಡಿ ಮುಂದೆ ನಿಂತು, "ಇದರ ಯಜಮಾನ ಪ್ರೇಮಭಂಗವಾಗಿ ಆ ಮಹಡಿಯಿಂದ ಹಾರಿಕೊಂಡ" ಎಂದೆ. ಎಲ್ಲರೂ ತಲೆಯೆತ್ತಿ ಫೋಟೊ ತೆಗೆದರು. ನೀವು ಮಾತ್ರ ಮೆಲ್ಲಗೆ, "ಹಾರಲಿಲ್ಲಮ್ಮ. ಬೋರ್ಡಿಗೆ ಬಣ್ಣ ಬಳಿಯುವಾಗ ಕಾಲು ಜಾರಿತು. ಏಣಿ ಹಿಡಿದಿದ್ದವಳು ನಾನು, ಅವರ ಮಗಳು" ಎಂದಿರಿ. ನಾನು ಕೇಳಿಸದವಳ ಹಾಗೆ, "ಮುಂದಕ್ಕೆ ಬನ್ನಿ" ಎಂದುಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ನೀವಿರಲಿಲ್ಲ.

ನಿಮ್ಮ ತಂದೆ ಬಿದ್ದು ತೀರಿಕೊಂಡರೆಂದಷ್ಟೇ ನನಗೆ ಗೊತ್ತಿತ್ತು. ಜನ ಆಕಳಿಸುತ್ತಾರಲ್ಲ ಅಂತ ಉಳಿದದ್ದನ್ನು ನಾನೇ ಕಟ್ಟಿದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಲ ಸುಮ್ಮನೆ ಆ ಬೀದಿಗೆ ಹೋಗಿಬಂದೆ. ನಿನ್ನೆ ಬಂದ ತಂಡಕ್ಕೆ, "ಎರಡು ವರ್ಷದಿಂದ ಇಲ್ಲಿ ಸುಳ್ಳು ಹೇಳುತ್ತ ಬಂದಿದ್ದೇನೆ" ಎಂದು ಒಪ್ಪಿಕೊಂಡೆ. "ಹಾಗಾದರೆ ಅವರು ಎಂಥವರು?" ಎಂದು ಒಬ್ಬರು ಕೇಳಿದರು. ರಾತ್ರಿಯೇ ನೋಂದಣಿ ಪುಸ್ತಕ ತೆಗೆದು ನಿಮ್ಮ ವಿಳಾಸ ಹುಡುಕಿದೆ.

ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೀರಾ? ನಿಮ್ಮ ತಂದೆಯ ಬಗ್ಗೆ ನೀವೇ ಹೇಳಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಬರಲು ಮನಸ್ಸಾಗದಿದ್ದರೆ ಅವರ ಹೆಸರನ್ನಾದರೂ ಬರೆದು ಕಳಿಸಿ. ಎರಡು ವರ್ಷದಲ್ಲಿ ಅದನ್ನೂ ನಾನು ಯಾರಲ್ಲೂ ಕೇಳಿರಲಿಲ್ಲ.

ಇಂತಿ, ತಪ್ಪೊಪ್ಪಿಕೊಳ್ಳುವ
ನಡಿಗೆಯ ಸ್ವಯಂಸೇವಕಿ