ಮಳೆಯಲ್ಲಿ ಮಾಳಿಗೆಯ ಮೇಲೆ ಕುಣಿದವರು ಯಾರು?

ಮಾನ್ಯ ಚಿತ್ರಕಲಾ ಪರೀಕ್ಷಾಧಿಕಾರಿಗಳೇ,

ಈ ಮಾರ್ಚಿನಲ್ಲಿ ಸಿಂದಗಿಯಲ್ಲಿ ನಡೆದ ಚಿತ್ರಕಲಾ ಪರೀಕ್ಷೆಗೆ ನಮ್ಮೂರಿನಿಂದ ಕೂತ ಏಳೂ ಜನ ನಕಲು ಮಾಡಿದ್ದೇವೆಂದು ತಾವು ತೀರ್ಪು ಕೊಟ್ಟಿದ್ದೀರಿ. ಮೂರು ವರ್ಷ ನಾವು ಯಾರೂ ಪರೀಕ್ಷೆಗೆ ಕೂಡುವಂತಿಲ್ಲ ಎಂದೂ ಬರೆದಿದ್ದೀರಿ. ಆ ಏಳರಲ್ಲಿ ಆರು ಮಂದಿ ಎಳೆಯರು. ಏಳನೆಯವನು ನಾನು, ಅರವತ್ತೆರಡು ವರ್ಷದವನು. ಪಕ್ಕದವರ ಹಾಳೆ ಹಾಳಾಗಲಿ, ನನ್ನ ಹಾಳೆಯೇ ಕನ್ನಡಕ ಒರೆಸಿಕೊಳ್ಳದೆ ನನಗೆ ಕಾಣುವುದಿಲ್ಲ. ಈ ಕಣ್ಣಿಗೆ ಅಷ್ಟು ತಾಕತ್ತಿದೆಯೆಂದು ಸರಕಾರದಲ್ಲಿ ಒಬ್ಬರಾದರೂ ನಂಬಿದಿರಲ್ಲ, ಮೊದಲು ಅದಕ್ಕೆ ಕೈಮುಗಿಯುತ್ತೇನೆ. ಮುಗಿದ ಕೈಯಲ್ಲೇ ಈ ಪತ್ರ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

ನನ್ನ ಮಟ್ಟಿಗೆ ಈ ಶಿಕ್ಷೆ ದೊಡ್ಡದಲ್ಲ. ಅರವತ್ತೈದಕ್ಕೆ ಮತ್ತೆ ಕೂಡುತ್ತೇನೆ, ಅಷ್ಟರಲ್ಲಿ ಕೈನಡುಕ ಬಂದರೆ ನೀರಿನ ಅಲೆ ಚೆನ್ನಾಗಿ ಬರೆಯಬಹುದು. ಆದರೆ ನಮ್ಮ ಜೊತೆ ಕೂತ ರೇಣವ್ವನ ಸಂಗತಿ ಬೇರೆ. ಈ ಜುಲೈಯಲ್ಲಿ ಅವಳು ಚಿತ್ರಕಲಾ ಶಿಕ್ಷಕಿಯ ತರಬೇತಿಗೆ ಸೇರಬೇಕಾಗಿತ್ತು. ಮನೆಯಲ್ಲಿ ‘ಪಾಸಾದ್ರ ಹೋಗು’ ಎಂದಿದ್ದರು. ಪಾಸು, ನಪಾಸು ಎರಡಕ್ಕೂ ಅವರ ಬಳಿ ಉತ್ತರವಿತ್ತು. ‘ನಕಲು’ ಎಂಬ ಮೂರನೆಯದು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಈಗ ಅವಳು ಬಾವಿಗೆ ಹೋದರೂ ಹೆಂಗಸರು ಕೇಳುತ್ತಾರೆ: “ಯಾಕವ್ವಾ, ಯಾರ್ದು ನೋಡಿ ಬರ್ದಿ?” ಮೂರು ವರ್ಷ ಈ ಮಾತು ಕೇಳಿಕೊಂಡು ಯಾವ ಹುಡುಗಿ ಕುಂಚ ಹಿಡಿದಾಳು, ತಾವೇ ಹೇಳಿ.

ಈ ತರಗತಿಗೆ ನಾನು ಸೇರಿದ್ದೇ ಚೇಷ್ಟೆಗೆ. ಕಳೆದ ಜೂನಿನಲ್ಲಿ ಹೊರ್ತಿ ಕಡೆಯ ಜೈನುದ್ದೀನ ಮಾಸ್ತರರು ನಮ್ಮೂರ ಸಾಲೆಗೆ ಬಂದು, ಭಾನುವಾರ ಚಿತ್ರಕಲೆ ಕಲಿಸುತ್ತೇನೆ, ಆಸಕ್ತಿಯಿದ್ದ ಯಾರಾದರೂ ಬರಬಹುದು ಎಂದು ಡಂಗುರ ಸಾರಿಸಿದರು. ಚಹಾದ ಅಂಗಡಿಯಲ್ಲಿ ಭೀಮಶ್ಯಾ ನನ್ನನ್ನು ಕೆಣಕಿದ: “ಕಾಕಾ, ಯಾರಾದ್ರೂ ಅಂದ್ರ ನೀನೂ ಬಂದಿ. ಹೋಗಿ ಕುಂಡ್ರು ನೋಡೂಣು!” ಊರಿಗೆಲ್ಲ ನಾಮ ಎಳೆದ ನನಗೆ ಒಂದು ಗೆರೆ ಎಳೆಯುವುದು ಯಾವ ಲೆಕ್ಕ ಎಂದುಕೊಂಡು ಹೋಗಿ ಕೂತೆ.

ಮೊದಲ ದಿನ ಮಾಸ್ತರರು ಒಂದು ತಂಬಿಗೆಯನ್ನು ಎದುರಿಗಿಟ್ಟು ಬರೆಯಿರಿ ಎಂದರು. ನಾನು ಅದನ್ನು ಒಮ್ಮೆ ನೋಡಿ, ಚಿಟಿಕೆಯಲ್ಲಿ ಬರೆದುಕೊಟ್ಟೆ.

“ಕಾಕಾ, ಇದು ಯಾರ ತಂಬಿಗಿರಿ?” ಎಂದು ಕೇಳಿದರು.

“ನಿಮ್ಮದರಿ ಮತ್ತ.”

“ನಂದು ಇಲ್ಲೇ ಐತಿ ನೋಡ್ರಿ, ಕಂಠಕ್ಕ ತಗ್ಗು ಬಿದ್ದೈತಿ. ನೀವು ಬರ್ದದ್ದು ನಿಮ್ಮ ತಲ್ಯಾಗಿನ ತಂಬಿಗಿ. ಅದನ್ನ ಒಂದೀಟು ಕೆಳಗಿಡ್ರಿ, ಆಮ್ಯಾಗ ಇದನ್ನ ನೋಡ್ರಿ.”

ಆರು ಎಳೆಯರೂ ನಕ್ಕರು. ಊರನ್ನು ನಗಿಸುತ್ತಿದ್ದವನನ್ನು ನೋಡಿ ಊರು ನಕ್ಕದ್ದು ಅದೇ ಮೊದಲು. ಸೇಡು ತೀರಿಸಿಕೊಳ್ಳಲು ಮುಂದಿನ ವಾರ ನಮ್ಮ ಗೌಡರ ಹೊಟ್ಟೆಯನ್ನು ಹಾಳೆ ತುಂಬ ಬರೆದು ಗೋಡೆಗೆ ಅಂಟಿಸಿದೆ. ಮಾಸ್ತರರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. “ಹೊಟ್ಟಿ ಭಾಳ ಛಲೋ ಬಂತ್ರಿ. ಗೌಡ್ರು ಎಲ್ಲಿ ಅದಾರು?” ಎಂದರು. ನಾನು ಗೌಡರನ್ನು ಹುಡುಕುತ್ತ ಶ್ರಾವಣ ಕಳೆದೆ. ಅವರ ಬಲಗಣ್ಣು ಎಡಗಣ್ಣಿಗಿಂತ ಸಣ್ಣದೆಂದೂ, ಮಾತಾಡುವ ಮೊದಲು ಅವರು ತುಟಿ ನೆನೆಸಿಕೊಳ್ಳುತ್ತಾರೆಂದೂ ಆಗ ಗೊತ್ತಾಯಿತು. ಅಷ್ಟು ನೋಡಿದ ಮೇಲೆ ಮನುಷ್ಯನನ್ನು ಗೇಲಿ ಮಾಡುವುದು ಕಷ್ಟ. ನನ್ನ ವೃತ್ತಿಗೆ ಆದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಎರೆ ಹೊಲ ಕಪ್ಪು ಎಂದು ನಂಬಿ ಕಪ್ಪು ಬಣ್ಣದ ಡಬ್ಬಿ ಅರ್ಧ ಖಾಲಿ ಮಾಡಿದ್ದೆ. ಮಾಸ್ತರರು ನಮ್ಮನ್ನು ಬೆಳಿಗ್ಗೆ ಹೊಲದ ಬದುವಿನ ಮೇಲೆ ಕೂರಿಸಿದರು. ಬಿಸಿಲೇರುವ ಮುಂಚೆ ಮಣ್ಣು ನೇರಳೆ, ಮಧ್ಯಾಹ್ನ ಸುಟ್ಟ ರೊಟ್ಟಿಯ ಬಣ್ಣ, ಮಳೆ ಬಿದ್ದ ಮೇಲೆ ನೀಲಿ. ಹುಟ್ಟಿದಾಗಿನಿಂದ ತುಳಿದ ನೆಲ! ಅದರ ಬಣ್ಣ ಬಯಲಾಗಲು ನನಗೆ ಬೋಳುತಲೆ ಬರಬೇಕಾಯಿತು. ಮನೆಗೆ ಬಂದು, ಜೋಳ ಹಸನು ಮಾಡುತ್ತ ಕೂತ ಹೆಂಡತಿ ಕಸ್ತೂರೆವ್ವನ ಎದುರು ಹಾಳೆ ಬಿಚ್ಚಿ, ಬರೆಯಲೆಂದು ಅವಳ ಮುಖ ನೋಡತೊಡಗಿದೆ. ಅವಳು ಮೊರ ಕೆಳಗಿಟ್ಟಳು. “ಏನ್ರಿ, ಹಿಂಗ ನೋಡಾಕತ್ತೀರಿ? ನನಗ ಏನರ ಆಗೇದೇನು?” ಎಂದು ಹಣೆ ಮುಟ್ಟಿ ನೋಡಿಕೊಂಡಳು. ಮಾನ್ಯರೇ, ಗಂಡ ಮುಖ ನೋಡಿದರೆ ಜ್ವರ ಬಂದಿರಬೇಕೆಂದು ಹೆಂಡತಿ ತಿಳಿಯುವ ಸಂಸಾರ ನಮ್ಮದು. ಒಂದು ವರ್ಷದ ಚಿತ್ರಕಲೆ ಅದನ್ನಿಷ್ಟು ಕೆಡಿಸಿದೆ.

ಇನ್ನು ಪರೀಕ್ಷೆಗೆ ಬರೋಣ. ನೆನಪಿನಿಂದ ಬರೆಯುವ ಚಿತ್ರಕ್ಕೆ ತಾವು ಕೊಟ್ಟ ವಿಷಯ ‘ಮಳೆಗಾಲದಲ್ಲಿ ನಮ್ಮ ಮನೆ’. ನಾವು ಬರೆದೆವು. ತಮ್ಮ ಉತ್ತರವನ್ನು ಮಾಸ್ತರರು ತರಗತಿಯಲ್ಲಿ ಓದಿದರು: “ಏಳೂ ಚಿತ್ರಗಳಲ್ಲಿ ಮನೆಗೆ ಛಾವಣಿ ಇಲ್ಲ. ಏಳರಲ್ಲೂ ಮನೆಯ ನೆತ್ತಿಯ ಮೇಲೆ ಚೀಲ ಹೊದ್ದ ಒಬ್ಬ ವ್ಯಕ್ತಿ ಕುಣಿಯುತ್ತಿದ್ದಾನೆ. ಇಂಥ ಅಸಂಬದ್ಧ ಕಲ್ಪನೆ ಏಳು ಜನರಿಗೆ ಒಟ್ಟಿಗೆ ಹೊಳೆಯುವುದು ಅಸಾಧ್ಯ. ನಕಲು ಸ್ಪಷ್ಟ.”

ಓದಿ ಮುಗಿದೊಡನೆ ರೇಣವ್ವ ಕೇಳಿದಳು: “ಸರ್, ಅವರ ಮನಿ ಸೋರಂಗಿಲ್ಲೇನ್ರಿ?”

ಮಾನ್ಯರೇ, ತಾವು ಕಂಡದ್ದು ಕುಣಿತವಲ್ಲ. ನಮ್ಮ ಮನೆಗಳಿಗೆ ಹೆಂಚಿಲ್ಲ, ಇಳಿಜಾರಿಲ್ಲ. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಸಪಾಟು ಮಾಳಿಗೆ. ಮಳೆ ಹಿಡಿದರೆ ಮಣ್ಣು ಬಿರಿದಲ್ಲಿ ಸೋರುತ್ತದೆ. ಸೂರು ಸೋರಿದರೆ ಒಬ್ಬರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮೇಲೆ ಹತ್ತುತ್ತಾರೆ. ಒಳಗಿದ್ದವರು ಹನಿ ಬಿದ್ದ ಜಾಗದಲ್ಲಿ ನಿಂತು ಮಾಳಿಗೆಯಲ್ಲಿನ ಬೆಳಕಿಂಡಿಯ ಕಡೆ ಮುಖ ಮಾಡಿ “ಇತ್ತಾಗ, ಇನ್ನೊಂದೀಟು ಇತ್ತಾಗ!” ಎಂದು ಕೂಗುತ್ತಾರೆ. ಮೇಲಿನವರು ಅಲ್ಲಿಗೆ ಮಣ್ಣು ಸುರಿದು ತುಳಿಯುತ್ತಾರೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಮನೆಯ ಮಳೆಗಾಲವೂ ಇದೇ. ಅದನ್ನು ಏಳು ಜನ ಬರೆದರೆ ನಕಲು ಎನ್ನುವಿರಾ? ಹಾಗಾದರೆ ಎರಡು ಗುಡ್ಡ, ನಡುವೆ ಸೂರ್ಯ, ಸೂರ್ಯನ ಬುಡದಿಂದ ಹೊಳೆ, ಹೊಳೆಯ ದಂಡೆಗೆ ಹೆಂಚಿನ ಮನೆ, ಪಕ್ಕಕ್ಕೊಂದು ತೆಂಗು ಬರೆದು ಪ್ರತಿ ವರ್ಷ ಮೊದಲ ದರ್ಜೆ ಪಡೆಯುವವರೆಲ್ಲ ಯಾರ ಹಾಳೆ ಇಣುಕಿದ್ದಾರೆ? ಸಿಂದಗಿಯ ಬಸ್‌ನಿಲ್ದಾಣದಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೆ ಎರಡು ಗುಡ್ಡ ಕಾಣುತ್ತವೆ? ತಿಳಿಸಿದರೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತೇನೆ.

ಇನ್ನೊಮ್ಮೆ ಆ ಏಳು ಚಿತ್ರಗಳನ್ನು ತೆಗೆಸಿ ನೋಡಿ. ಯಾರು ಏನು ಬರೆದರೆಂದು ಪರೀಕ್ಷೆ ಮುಗಿಸಿ ಮರಳುವ ದಾರಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡದ್ದರಿಂದ ನನಗೆ ಗೊತ್ತು. ರೇಣವ್ವನ ಮಾಳಿಗೆಯ ಮೇಲಿರುವುದು ಅವಳ ತಾಯಿ ಗುಂಡವ್ವ. ಒಂದು ಕಾಲು ತುಳಿಯುತ್ತಿದೆ, ಕತ್ತು ಮಾತ್ರ ಪಕ್ಕದ ಮಾಳಿಗೆಯ ಕಡೆಗೆ, ಅವರದೂ ಸೋರುತ್ತಿದೆಯೇ ಎಂದು. ನಮ್ಮ ಜೊತೆ ಕೂತ ಹುಡುಗ ಧರೆಪ್ಪನ ಚಿತ್ರದಲ್ಲಿ ಅವನ ಅಜ್ಜ, ಮಳೆಯಲ್ಲೂ ಬೀಡಿ ಆರಬಾರದೆಂದು ಅಂಗೈ ಮುಚ್ಚಿಕೊಂಡಿದ್ದಾನೆ. ಇವು ಒಂದರ ನಕಲು ಇನ್ನೊಂದೇ? ನನ್ನ ಚಿತ್ರದಲ್ಲಿ ಮೇಲಿರುವವಳು ಕಸ್ತೂರೆವ್ವ. ಬೆಳಕಿಂಡಿಯಲ್ಲಿ ಕಾಣುವ ದೊಡ್ಡ ಬಾಯಿ, ತಾವು ಉತ್ತರದಲ್ಲಿ ‘ಬಾವಿ’ ಎಂದು ಹೆಸರಿಸಿದ್ದು, ನನ್ನದು.

ಪರೀಕ್ಷೆಯಿಂದ ಬಂದ ಮೇಲೆ ಅದೇ ಚಿತ್ರವನ್ನು ಮನೆಯಲ್ಲಿ ಇನ್ನೊಮ್ಮೆ ಬರೆದಿಟ್ಟಿದ್ದೆ. ತಮ್ಮ ತೀರ್ಪು ಬಂದ ಸಂಜೆ ಅದನ್ನು ಹರಿಯಲು ತೆಗೆದೆ. ಕಸ್ತೂರೆವ್ವ ಕಸಿದುಕೊಂಡು ಬೆಳಕಿಗೆ ಹಿಡಿದಳು.

“ಅಲ್ರೀ, ನಾ ಮ್ಯಾಲ ತೊಯ್ಸಿಕೊಳ್ಳೂದು ನಿಮಗ ಕಾಣತಿತ್ತು ಅನ್ರಿ ಹಂಗಾರ?”

“ಕಂಡಿತ್ತು, ಅದಕ್ಕ ಬರ್ದೇನಿ.”

“ಛಲೋ ಆತು. ಬರ್ಯಾಕ ಬಂದವರಿಗೆ ಹತ್ತಾಕೂ ಬರ್ತೈತಿ. ಈ ವರ್ಷ ಕೊಪ್ಪಿ ನಿಮಗ, ಕೂಗೂದು ನನಗ.”

ಹೀಗಾಗಿ, ಮಾನ್ಯರೇ, ಒಂದು ವರ್ಷದಲ್ಲಿ ನಾನು ಎಷ್ಟು ಬೆಳೆದೆ ಎಂದರೆ, ಒಂದು ಏಣಿಯಷ್ಟು. ನನ್ನ ಬೇಡಿಕೆಯೂ ಅಷ್ಟೇ ಎತ್ತರದ್ದು. ಜೂನಿನ ಮೊದಲ ಮಳೆಗೆ ನಮ್ಮ ಮನೆಗೆ ಬನ್ನಿ, ಮೋರಟಗಿ ಬಸ್ಸಿನಲ್ಲಿ ಕೂತು ನನ್ನ ಹೆಸರು ಹೇಳಿದರೆ ಸಾಕು, ಮೊದಲು ನಗುತ್ತಾರೆ, ಆಮೇಲೆ ಇಳಿಸುತ್ತಾರೆ. ತಲೆಯೊಳಗಿನ ಹೆಂಚಿನ ಮನೆಯನ್ನು ಅಂಗಳದಲ್ಲಿ ಕೆಳಗಿಟ್ಟು ಒಳಗೆ ನಿಲ್ಲಿ. ನಾನು ಮೇಲಿರುತ್ತೇನೆ. ಹನಿ ತಮ್ಮ ಕತ್ತಿನ ಮೇಲೆ ಬಿದ್ದಾಗ ತಾವು ತೆಪ್ಪಗಿದ್ದರೆ, ನಮ್ಮನ್ನು ಮೂರಲ್ಲ, ಮೂವತ್ತು ವರ್ಷ ಹೊರಗಿಡಿ. ಆದರೆ “ಇತ್ತಾಗ!” ಎಂಬ ಮಾತು ಬಾಯಿಂದ ಹೊರಟರೆ, ಜುಲೈಗೆ ಮುಂಚೆ ರೇಣವ್ವನ ಹೆಸರಿನ ಮುಂದಿನ ‘ನಕಲು’ ಎಂಬುದನ್ನು ತಮ್ಮ ಕೈಯಿಂದಲೇ ಹೊಡೆದುಹಾಕಬೇಕು. ಅದೇ ಹೊತ್ತಿಗೆ ಪಕ್ಕದ ಮನೆಗಳಿಂದಲೂ ಅದೇ ಕೂಗು ಕೇಳಿಸುತ್ತದೆ. ತಾವು ಅವರಿಂದ ನಕಲು ಮಾಡಿದಿರೆಂದು ನಾನು ಯಾರಿಗೂ ಬರೆಯುವುದಿಲ್ಲ.

ಇಂತಿ, ಏಣಿಯ ಎರಡನೆಯ ಮೆಟ್ಟಿಲಿನಲ್ಲಿ ಮುಗಿಲು ನೋಡುತ್ತ ನಿಂತಿರುವ,
ಬಸಂತರಾಯ
(ಮೂರು ವರ್ಷದ ಮಟ್ಟಿಗೆ ಮಾಜಿ ವಿದ್ಯಾರ್ಥಿ)
ಸಿಂದಗಿ ತಾಲೂಕು, ಮೇ 1976