ಅವ್ವನ ಒದ್ದೆ ಬಟ್ಟೆ

೧೪ ಡಿಸೆಂಬರ್ ೨೦೨೫, ಭಾನುವಾರ. ಮೊರಬ.

ಸಂಜೆ ತಂಗಾಳಿ ಬೀಸಿತು. ಮಗಳು ಅಮೃತಾಳ ಮೈಮೇಲೆ ಮತ್ತೆ ದದ್ದು ಎದ್ದು ಜ್ವರ ಏರಿತು. ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಜೀವಕೋಶದೊಳಗೆ ಇನ್‌ಫ್ಲಮಸೋಮ್ ಎಂಬ ಕಾವಲು ಇದೆಯಂತೆ. ರೋಗಾಣು ಹೊಕ್ಕರೆ ಅದು ಕೂಗು ಹಾಕುತ್ತದೆ, ಜ್ವರ ಬರುತ್ತದೆ. ಅದೇ ಕೂಗಿಗೆ, ವೈರಿಯ ಗುರುತು ಕಲಿತು ನೆನಪಿಡುವ ಬಿಳಿ ರಕ್ತಕಣಗಳೂ ಎದ್ದು ಬರುತ್ತವೆ. ನನ್ನ ಮಗಳಲ್ಲಿ ಆ ಕಾವಲು ಬರೀ ಚಳಿಗೇ ಕೂಗುತ್ತದೆ. ವೈರಿಯೇ ಇಲ್ಲದ ಮೇಲೆ ಆ ಕಣಗಳು ಕಲಿಯುವುದಾದರೂ ಏನನ್ನು? ಪ್ರತಿ ಸಲವೂ ಮೊದಲ ಸಲವೇ.

ಅವ್ವ ಹಣೆಗೆ ಹಾಕಲು ಒದ್ದೆ ಬಟ್ಟೆ ತಂದಳು. ನಾನು ಅವಳ ಕೈ ಹಿಡಿದೆ.

“ಬ್ಯಾಡ ಬೇ ಯವ್ವಾ, ತಂಪಿಗೇ ಈಕಿಗೆ ಜ್ವರಾ ಏರತೈತಿ.”

“ನೀ ಸಣ್ಣಿದ್ದಾಗ ನಿನಗೂ ಇದನ್ನ ಹಾಕಿ ಜ್ವರಾ ಇಳಿಸೇನಿ. ಮತ್ತ ನಾ ಏನ್ ಮಾಡ್ಲಿ?”

ಡಾಕ್ಟರ್ ಬರೆದ ಇಂಜೆಕ್ಷನ್ ಇನ್ನೂ ಎಲ್ಲೂ ಸಿಕ್ಕಿಲ್ಲ. ಅಮೃತಾ ಕಂಬಳಿಯೊಳಗೆ ನಡುಗುತ್ತಿದ್ದಾಳೆ. ಅವ್ವ ಅವಳ ಬಾಜು ಬಿಟ್ಟು ಎದ್ದಿಲ್ಲ, ಆ ಬಟ್ಟೆಯನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕೂತಿದ್ದಾಳೆ. ಇದನ್ನು ಬರೆಯುವಾಗಲೇ ಮೆಲ್ಲಗೆ ಕೇಳಿದಳು:

“ಬೆಚ್ಚಗ ಆಗೈತಿ ನೋಡು. ಈಗರೆ ಹಾಕ್ಲೇನು?”