ಎಣ್ಣೆ ಹಚ್ಚಿದ ಮೇಲೆ ಎಷ್ಟು ಹೊತ್ತು

ಕಪ್ಪತಗುಡ್ಡದ ಒಳಊರು, ಆರನೇ ಮಜಲು
ಫೆಬ್ರವರಿ 30, 2241

ಗುಡ್ಡದ ಹೊರಗೆ ಬಿಸಿಲಿನಲ್ಲಿ ಬಾಳಿದ ಹಿರಿಯರಿಗೆ ಸಾವಂತ್ರಿಯ ನಮಸ್ಕಾರ.

ಮೇಲಿನ ತಾರೀಖು ನೋಡಿ ಇವಳಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಗುಡ್ಡದ ಒಳಗೆ ಮಳೆಗಾಲವೂ ಇಲ್ಲ, ಚಳಿಗಾಲವೂ ಇಲ್ಲ. ಹಾಗಿರುವಾಗ ಒಂದು ತಿಂಗಳು ದೊಡ್ಡದು, ಒಂದು ಚಿಕ್ಕದು ಯಾಕೆ ಎಂದು ಹಿಂದಿನವರು ಎಲ್ಲವನ್ನೂ ಸಮ ಮಾಡಿದರು. ಹಾಗೆ ಮಾಡಿದಾಗ ವರ್ಷಕ್ಕೆ ಐದು ದಿನ ಮಿಕ್ಕವು. ಅವನ್ನು ಫೆಬ್ರವರಿಯ ಕೊನೆಗೆ ಕಟ್ಟಿ 'ಮಿಕ್ಕ ದಿನ' ಎಂದು ಹೆಸರಿಟ್ಟರು. ನಾಳೆ ಮೊದಲನೆಯ ಮಿಕ್ಕ ದಿನ. ಈ ಕಾಗದ ಬರೆಯುತ್ತಿರುವುದು ನಾಳೆಯ ಸಲುವಾಗಿಯೇ.

ಇದರಲ್ಲಿ ನಿಮಗೆ ತಿಳಿಯದ ಮಾತುಗಳು ಬರುತ್ತವೆ. ಮನ್ನಿಸಿ. ನಾನು ಪಾಠಮನೆಗೆ ಹೋದದ್ದು ನಾಲ್ಕೇ ವರ್ಷ. ಕೈಯಿಂದ ಬರೆಯುವುದನ್ನು ಕಲಿಸಿದ್ದು ನನ್ನ ಆಯಿ, ಅಂದರೆ ನನ್ನ ತಾಯಿಯ ತಾಯಿ ನಿಂಬೆವ್ವ. ಅವಳಿಗೆ ಎಂಬತ್ತೊಂದು ವರ್ಷ. ಈ ಮನೆಯಲ್ಲಿ ನಾವಿಬ್ಬರೇ.

ನಮ್ಮ ಊರು ಗುಡ್ಡವನ್ನು ಕೊರೆದು ಮಾಡಿದ್ದು. ಹೊರಗಿನ ಕಾವು ತಡೆಯಲಾರದೆ ಜನ ಒಳಗೆ ಬಂದು ಎಪ್ಪತ್ತೈದು ವರ್ಷವಾಯಿತು. ಒಂದರ ಮೇಲೊಂದು ಒಂಬತ್ತು ಓಣಿಗಳಿವೆ, ಅವನ್ನು ಮಜಲು ಎನ್ನುತ್ತೇವೆ. ಪ್ರತಿ ಮನೆಯ ಗೋಡೆಯಲ್ಲಿ ಒಂದು ಮೈಗನ್ನಡಿ ಇರುತ್ತದೆ. ಹೆಸರಿಗೆ ಕನ್ನಡಿ, ಅದರಲ್ಲಿ ಮುಖ ಕಾಣುವುದಿಲ್ಲ. ಬೆಳಗ್ಗೆ ಎದ್ದು ಅದರ ಮೇಲೆ ಅಂಗೈ ಊರಿದರೆ, ಮೈಯಲ್ಲಿ ಏನು ಕಡಿಮೆ, ಏನು ಹೆಚ್ಚು ಎಂದು ಓದಿಕೊಂಡು ಕೆಳಗಿನ ಕಿಂಡಿಯಿಂದ ಒಂದು ಗುಟುಕು ಔಷಧ ಕೊಡುತ್ತದೆ. ಅದು ಕುಡಿದ ಕ್ಷಣದಲ್ಲೇ ಕೆಲಸ ಮಾಡುತ್ತದೆ. ಲೋಟ ಕೆಳಗಿಡುವುದರೊಳಗೆ ತಲೆನೋವು ಹೋಗಿರುತ್ತದೆ. ನಾನು ಕನ್ನಡಿಯನ್ನು ಹಳಿಯುವುದಿಲ್ಲ. ಹುಟ್ಟಿದಾಗ ನನ್ನ ಉಸಿರಾಟ ಸರಿಯಿರಲಿಲ್ಲವಂತೆ, ಉಳಿಸಿದ್ದು ಅದೇ. ಕೆಲಸ ಹೇಳುವುದೂ ಅದೇ. ಗಂಟೆಗೊಮ್ಮೆ ಸದ್ದಾದಾಗ, ಎಲ್ಲಿದ್ದರೂ, ಹತ್ತಿರದ ಕನ್ನಡಿಗೆ ಅಂಗೈ ಒತ್ತಬೇಕು. ಮುಂದಿನ ಗಂಟೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ತಿಳಿಸುತ್ತದೆ. ಒಂದರ ಹಿಂದೊಂದು ಮೂರು ಗಂಟೆ ಅಂಗೈ ಸಿಗದಿದ್ದರೆ ಮೇಲಿನವರು ಬಂದು ಬಾಗಿಲು ತಟ್ಟುತ್ತಾರೆ.

ನನ್ನ ಕೆಲಸ ಹೆಚ್ಚಾಗಿ ಗುಡ್ಡದ ನೆತ್ತಿಯ ಜಾಲರಿ ತೋಟದಲ್ಲಿ. ಬಿಸಿಲನ್ನು ಸೋಸುವ ಬಲೆಯ ಕೆಳಗೆ ಎಳ್ಳು, ತುಳಸಿ, ಸೀಗೆ, ಅಮೃತಬಳ್ಳಿ ಬೆಳೆಯುತ್ತೇವೆ. ಎಲ್ಲವೂ ಗುಟುಕು ಮಾಡುವ ಕಾರ್ಖಾನೆಗೆ ಹೋಗುತ್ತದೆ. ಗಿಡದಿಂದ ಒಂದು ಎಲೆ ಕಿತ್ತು ಹಾಗೇ ಬಾಯಿಗೆ ಹಾಕಿಕೊಂಡವರನ್ನು ನಾನು ಕಂಡಿಲ್ಲ. ಸ್ನಾನಕ್ಕೆ ಮಂಜುಗೂಡು ಇದೆ. ಅದರೊಳಗೆ ನಿಂತರೆ ನಲವತ್ತು ಉಸಿರಿನಷ್ಟು ಹೊತ್ತು ಮಂಜು ಬೀಳುತ್ತದೆ, ಮೈ ಚೊಕ್ಕವಾಗುತ್ತದೆ. ನೀರು ನೆತ್ತಿಯಿಂದ ಬೆನ್ನಿಗೆ ಇಳಿಯುವುದು ಹೇಗಿರುತ್ತದೆ ಎಂದು ನನ್ನ ವಯಸ್ಸಿನ ಯಾರಿಗೂ ಗೊತ್ತಿಲ್ಲ.

ಆಯಿಗೆ ಗೊತ್ತು. ಒಳಗೆ ಬಂದಾಗ ಅವಳಿಗೆ ಆರು ವರ್ಷ. ದಿನವೂ ಗುಟುಕು ಕುಡಿದು ಲೋಟ ಇಡುತ್ತ ಅವಳು ಒಂದೇ ಮಾತು ಹೇಳುತ್ತಾಳೆ. "ಎಲ್ಲಾ ಬರೋಬರಿ ಐತಿ ಅಂತೈತಿ ನಿಮ್ಮ ಕನ್ನಡಿ. ಆದ್ರ ಮೈ ಹಗುರ ಆಗವಲ್ದು." ಒಮ್ಮೆ ನಾನು ಅದನ್ನೇ ಕನ್ನಡಿಗೆ ಹೇಳಿದೆ. ಅದು ಆಯಿಯ ತೂಕ ನೋಡಿ, ಹೋದ ವರ್ಷಕ್ಕಿಂತ ಎರಡು ಕಿಲೋ ಕಡಿಮೆಯಾಗಿದೆ ಎಂದಿತು. "ಖರೇನ ಹಗುರಾಗೇನಿ ಹಂಗಾದ್ರ, ನನಗs ಗೊತ್ತಾಗಿಲ್ಲ ನೋಡು" ಎಂದು ಆಯಿ ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಎಣ್ಣೆ-ನೀರಿನ ಸುದ್ದಿ ತೆಗೆದಳು. ವಾರಕ್ಕೊಮ್ಮೆ ಅವಳ ಆಯಿ ಗಂಗಿಮಾಳವ್ವ ಎಲ್ಲರಿಗೂ ಎಣ್ಣೆ ಹಚ್ಚಿ ಬಿಸಿನೀರು ಎರೆಯುತ್ತಿದ್ದಳಂತೆ. ಆ ಸಂಜೆಯ ಹೊತ್ತಿಗೆ ಮೈ ಗಾಳಿಯಲ್ಲಿ ಹತ್ತಿಯ ಹಾಗೆ ಇರುತ್ತಿತ್ತಂತೆ. ಇನ್ನೊಂದು ಸಲ, ಒಂದೇ ಸಲ ಹಾಗೆ ಎರೆಸಿಕೊಳ್ಳಬೇಕು ಎಂಬುದು ಅವಳ ಆಸೆ.

ಎರಡು ವರ್ಷದ ಹಿಂದೆ ಆಯಿಯ ಹಳೆಯ ಕೌದಿ ಹರಿಯಿತು. ಒಳಗೆ ಬರುವಾಗ ಒಬ್ಬರಿಗೆ ಒಂದೇ ಗಂಟು ಎಂದಿದ್ದರಿಂದ ಗಂಗಿಮಾಳವ್ವ ಏನೇನನ್ನೋ ಆ ಕೌದಿಯ ಪದರದಲ್ಲಿಟ್ಟು ಹೊಲಿದಿದ್ದಳು. ಹರಿದ ಕಡೆಯಿಂದ ನಾಲ್ಕು ಸಾಲಿನ ಒಂದು ಚೀಟಿ ಬಿತ್ತು. "ಎಳ್ಳೆಣ್ಣಿ ಒಂದು ಬಟ್ಟಲ, ಬೆಚ್ಚಗ ಮಾಡು. ನೆತ್ತಿಗೆ, ಅಂಗಾಲಿಗೆ, ಕೀಲಿಗೆ ಹಚ್ಚು. ಸೀಗಿಪುಡಿ ಹಾಕಿ ಎರಿ. ತಲಿ ಒರಸಿ ಬೆಚ್ಚಗ ಮಲಗಸು." ಆಯಿ ಅದನ್ನು ಹಣೆಗೆ ಒತ್ತಿಕೊಂಡಳು. ಎರೆಯುವವರು ಸಿಕ್ಕರೆ ತಾನೇ ಚೀಟಿ ಸಿಕ್ಕಿದ್ದಕ್ಕೆ ಫಲ ಎಂದಳು. ನಾನು ಎರೆಯುತ್ತೇನೆ ಎಂದೆ.

ತೋಟದಲ್ಲಿ ನೆಲಕ್ಕೆ ಉದುರಿದ್ದನ್ನು ನಾವು ಇಟ್ಟುಕೊಳ್ಳಬಹುದು. ಎಂಟು ತಿಂಗಳು ಉದುರಿದ ಎಳ್ಳನ್ನು ಕೂಡಿಸಿ, ಕಲ್ಲಿನಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿದೆ. ಬಟ್ಟಲು ತುಂಬಲು ಎರಡು ಬೆರಳು ಕಡಿಮೆ ಬಂತು. ಬಿದ್ದ ಸೀಗೆಕಾಯಿಯನ್ನು ಒಣಗಿಸಿ ಪುಡಿ ಮಾಡಿದೆ, ಮೂರು ದಿನ ಸೀನಿದೆ. ಉಳಿದದ್ದು ನೀರು. ಮಿಕ್ಕ ದಿನಗಳಲ್ಲಿ ಗುಡ್ಡದ ಹೊಟ್ಟೆಯೊಳಗಿನ ಕೆರೆಯನ್ನು ತೊಳೆಯುತ್ತಾರೆ. ತಳದಲ್ಲಿ ಉಳಿದ ನೀರನ್ನು ಚೆಲ್ಲುವ ಬದಲು ಮನೆಗೆ ಒಂದು ಹಂಡೆಯಂತೆ ಹಂಚುತ್ತಾರೆ. ವರ್ಷದಲ್ಲಿ ನಮ್ಮ ಇಷ್ಟಕ್ಕೆ ಸಿಗುವ ನೀರು ಅದೊಂದೇ. ಹೆಚ್ಚಿನವರು ಅದರಲ್ಲಿ ನೆಲ ತೊಳೆಯುತ್ತಾರೆ.

ಹೋದ ವರ್ಷ ಹಂಡೆ ತಂದವನು ನಮ್ಮ ಮಜಲಿನ ಫಕೀರಪ್ಪ ಕಾಕಾ. ಅರವತ್ತು ದಾಟಿದ್ದಾನೆ, ಮದುವೆಯಾಗಿಲ್ಲ. ಹಂಡೆ ಇಳಿಸಿ, ಆಯಿ ಹಳೆಯ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದನ್ನು ನೋಡಿ, "ಏನ ನಿಂಬೆಕ್ಕಾ, ಈ ವಯಸ್ಸಿನ್ಯಾಗ ಎರಕೊಂಡು ಯಾರ ಮದಿವಿಗೆ ಹೊಂಟಿ?" ಎಂದ. "ನಿಂದs ಯಾವಾಗ ಅಂತ ಹೇಳು, ಅದಕ್ಕs ಬರ್ತೇನಿ" ಎಂದಳು ಆಯಿ. ಅವನು ತಲೆ ಕೆರೆದುಕೊಂಡು ಹೊರಟುಹೋದ.

ಗುಡ್ಡದೊಳಗೆ ಬೆಂಕಿ ಹಚ್ಚುವಂತಿಲ್ಲ. ನೀರು ಬಿಸಿ ಮಾಡಲು ಕಾವುಗಲ್ಲುಗಳಿವೆ. ಹೊರಗೆ ದಿನವಿಡೀ ಬಿಸಿಲು ಕುಡಿದ ಕಲ್ಲುಗಳು ಅವು, ಹಂಡೆಯಲ್ಲಿ ಇಳಿಬಿಟ್ಟರೆ ನೀರು ಕಾಯುತ್ತದೆ. ಕೈಯಿಟ್ಟು ನೋಡಿ, ಹಿತವಾಗುವಷ್ಟು ಬಿಸಿ ಮಾಡಿದೆ. ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ, ಅಂಗಾಲಿಗೆ, ಕೀಲಿಗೆ ಹಚ್ಚಿದೆ. ಆಯಿ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಗಂಟೆಯ ಸದ್ದಾಯಿತು. ಎದ್ದು ಕನ್ನಡಿಗೆ ಅಂಗೈ ಒತ್ತಿದೆ. ಕನ್ನಡಿ 'ಕೈ ಇಲ್ಲ' ಎಂದಿತು. ಒರೆಸಿಕೊಂಡು ಮತ್ತೆ ಒತ್ತಿದೆ, ಮತ್ತೆ 'ಕೈ ಇಲ್ಲ'. ಎಣ್ಣೆ ಮೆತ್ತಿದ ಅಂಗೈಯನ್ನು ಅದು ಓದಲಾರದು ಎಂದು ನನಗೆ ಆಗಲೇ ತಿಳಿದದ್ದು. ನನಗೆ ಹೆದರಿಕೆ ಹೆಚ್ಚು. ಬೇಗ ಮುಗಿಸಿ ಕೈ ತೊಳೆಯೋಣ ಎಂದು ಓಡಿಬಂದು ತಂಬಿಗೆ ಎತ್ತಿದೆ. ಸೀಗೆಪುಡಿ ಹಾಕಿದೆ, ಎರೆದೆ, ಎರೆದೆ.

"ಏ, ತಡಿ, ತಡಿ ಯವ್ವಾ" ಎಂದಳು ಆಯಿ. "ಈಗ ಹಚ್ಚೀದಿ, ಈಗ ತೊಳಿತಿ?"

"ಚೀಟಿಯೊಳಗ ಹಂಗs ಐತೆಲ್ಲ ಆಯಿ" ಎಂದೆ.

"ನೆನಿಬೇಕಲ್ಲs ತಂಗಿ. ಎಣ್ಣಿ ಹಚಗೊಂಡು ಕುಂದರಬೇಕು."

ಹಂಡೆಯಲ್ಲಿ ಆಗ ಕಾವುಗಲ್ಲುಗಳಷ್ಟೇ ಉಳಿದಿದ್ದವು. ಆಯಿ ಹಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಪಾತ್ರಿ ತೊಳದಂಗ ತೊಳದಿ ಬಿಡು ನನ್ನ" ಎಂದು ನಕ್ಕಳು. ಬಯ್ಯಲಿಲ್ಲ. ಆದರೆ ತಲೆ ಒರೆಸಿಕೊಳ್ಳುವಾಗ ಗೋಡೆಯ ಕಡೆ ತಿರುಗಿ ಕೂತಳು. ಮೈ ಹಗುರವಾಯಿತೇ ಎಂದು ನಾನು ಕೇಳಲಿಲ್ಲ.

ಹಿರಿಯರೇ, ತಪ್ಪು ನನ್ನದೇ. ಆದರೂ ಹೇಳುತ್ತೇನೆ, ಹಚ್ಚುವುದಕ್ಕೂ ಎರೆಯುವುದಕ್ಕೂ ನಡುವೆ ಕೂರುವುದು ಇದೆ ಎಂದು ಗಂಗಿಮಾಳವ್ವ ಬರೆಯಲಿಲ್ಲ. ಅದೂ ಬರೆಯುವ ಮಾತೇ ಎಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ. ಕುಡಿದ ಕೂಡಲೇ ಗುಣವಾಗುವ ಊರಿನಲ್ಲಿ ಹುಟ್ಟಿದ ನನಗೆ ಅದು ಹೊಳೆಯುವುದು ಹೇಗೆ?

ಈ ಒಂದು ವರ್ಷ ನಾನು ಆಯಿಯನ್ನು ಕೇಳುತ್ತಲೇ ಇದ್ದೇನೆ. ಎಷ್ಟು ಹೊತ್ತು ಕೂರಬೇಕು? ಒಂದು ದಿನ ಅವಳು, "ಬಿಸಲು ಹೊಸ್ತಲಾ ಬಿಟ್ಟು ಒಳಕಲ್ಲಿಗೆ ಬರೂತನಕ" ಎಂದಳು. ನಮ್ಮ ಮನೆಗೆ ಬಿಸಿಲು ಬರುವುದಿಲ್ಲ. ಹೊಸ್ತಿಲಿನಿಂದ ಆ ರುಬ್ಬುವ ಕಲ್ಲು ಎಷ್ಟು ದೂರವಿತ್ತು ಎಂದು ಕೇಳಿದರೆ, ಆರು ವರ್ಷದವಳ ಹೆಜ್ಜೆಯಲ್ಲಿ ಹೇಳುತ್ತಾಳೆ. ಇನ್ನೊಂದು ದಿನ, "ಮೈ ಎಣ್ಣಿ ಕುಡಿಯೂತನಕ" ಎಂದಳು. ನಾನು ಮೊಣಕೈಗೆ ಒಂದು ಹನಿ ಹಚ್ಚಿಕೊಂಡು ಕಾದೆ. ಕುಡಿಯಿತೋ ಇಲ್ಲವೋ ತಿಳಿಯಲಿಲ್ಲ, ಯಾಕೆಂದರೆ ಪ್ರತಿ ಸಲ ಗಂಟೆಯ ಸದ್ದಾಗುತ್ತಿತ್ತು.

ಹೊತ್ತು ಎಷ್ಟೆಂದು ಸಿಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಏನಿತ್ತು ಎಂದು ಸ್ವಲ್ಪ ಸ್ವಲ್ಪವಾಗಿ ಸಿಕ್ಕಿತು. ಹಿತ್ತಿಲಲ್ಲಿ ಗೋಣಿತಟ್ಟು ಹಾಸಿರುತ್ತಿತ್ತು. ಎಲ್ಲರೂ ಹರಕು ಸೀರೆ, ಹರಕು ಅಂಗಿ. ಎಣ್ಣೆ ಕಿವಿಯ ಹಿಂದೆ ಇಳಿದು ಕುತ್ತಿಗೆಗೆ ಬರುತ್ತಿತ್ತು. ಗಂಗಿಮಾಳವ್ವ ಒಂದೊಂದೇ ಕಾಲ್ಬೆರಳು ಹಿಡಿದು ನೆಟಿಗೆ ತೆಗೆಯುತ್ತಿದ್ದಳು, ಸದ್ದು ಬಾರದ ಬೆರಳಿಗೆ ಸೋಮಾರಿ ಎಂದು ಬಯ್ಯುತ್ತಿದ್ದಳು. ಆಯಿಯ ಅವ್ವ ವಾರದಲ್ಲಿ ಸುಮ್ಮನೆ ಕೂರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಒಳಗಿನಿಂದ ಯಾರಾದರೂ ಕೆಲಸಕ್ಕೆ ಕರೆದರೆ, "ಎಣ್ಣಿಗೈ ಐತ್ರಿ" ಎಂದರೆ ಸಾಕು, ಕರೆದವರು ಮರುಮಾತಾಡುತ್ತಿರಲಿಲ್ಲ. ಎಣ್ಣೆಗೈಯವರಿಗೆ ಕೆಲಸ ಹೇಳಬಾರದು ಎಂಬುದು ಆ ಮನೆಯ ಪದ್ಧತಿ. ಆಮೇಲೆ ಸ್ನಾನ. ಆಮೇಲೆ ಕೆಂಡದ ಮೇಲೆ ಓಂಕಾಳು ಉದುರಿಸಿ ಕೂದಲಿಗೆ ಹೊಗೆ. ಮೆಣಸಿನ ಸಾರು, ಬಿಸಿ ಅನ್ನ, ಕೌದಿ, ನಿದ್ದೆ. ಅಂಥ ನಿದ್ದೆ ಈ ಎಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಬಂದಿಲ್ಲವಂತೆ.

ತೋಟದಲ್ಲಿ ಎಳ್ಳಿನ ಹೂವಿನ ನಡುವೆ ನಿಂತಾಗ ನಾನು ಆ ಹಿತ್ತಿಲನ್ನು ನೆನೆಯುತ್ತೇನೆ. ನೋಡದ ಜಾಗವನ್ನು ನೆನೆಯುವುದು ಎಂದರೆ ನಗಬೇಡಿ. ಗೋಣಿತಟ್ಟಿನ ಅಂಚಿನಲ್ಲಿ ನನಗೂ ಒಂದು ಮೊಳ ಜಾಗ ಇತ್ತು, ಯಾರೋ ಈಗಷ್ಟೇ ನನ್ನನ್ನು ಒಳಗೆ ಕರೆದರು, ತಿರುಗಿ ಬರುವಷ್ಟರಲ್ಲಿ ಎಲ್ಲರೂ ಎದ್ದುಹೋದರು ಎಂದು ಅನ್ನಿಸುತ್ತದೆ.

ಈ ಮಾರ್ಚ್ ಒಂದಕ್ಕೆ ಆಯಿಗೆ ಎಂಬತ್ತೆರಡು ತುಂಬುತ್ತದೆ. ಆ ವಯಸ್ಸಿನವರು ಒಂಬತ್ತನೇ ಮಜಲಿಗೆ ಹೋಗಬೇಕು. ಅಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಗಾಳಿ ತಂಪು, ಹಾಸಿಗೆ ಮೆತ್ತಗೆ, ಎತ್ತಿ ಕೂರಿಸಲು ಯಂತ್ರದ ಕೈಗಳಿವೆ. ಸೋಂಕು ತಗಲಬಾರದೆಂದು ಮನೆಯವರು ಗಾಜಿನ ಈಚೆಯಿಂದ ನೋಡಬೇಕು. ದಿನವೂ ಹೋಗಿ ನೋಡಬಹುದು, ಮುಟ್ಟುವಂತಿಲ್ಲ. ಹಾಗಾಗಿ ನಾಳೆಯ ಹಂಡೆ ಕೊನೆಯ ಹಂಡೆ. ಈ ವರ್ಷ ಬಟ್ಟಲು ತುಂಬ ಎಣ್ಣೆ ಇದೆ. ಸಾಲದೇ ಬಂದೀತು ಎಂದು ಫಕೀರಪ್ಪ ಕಾಕಾ ತನ್ನ ಪಾಲಿನ ನೀರನ್ನೂ ತರುತ್ತೇನೆ ಎಂದಿದ್ದಾನೆ. ತನ್ನ ಮದುವೆಗೆ ಇನ್ನೂ ಹೊತ್ತಿದೆಯಂತೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಮದ್ದು, ಕಷಾಯ, ಎಣ್ಣೆ, ಲೇಪ ಎಲ್ಲವನ್ನೂ ಬರೆದಿಡುವಾಗ, ಯಾವುದು ಎಷ್ಟು ಎಂದು ಬರೆದ ಮೇಲೆ ಪೆನ್ನು ಕೆಳಗಿಡಬೇಡಿ. ಯಾರು ಯಾರ ಪಕ್ಕ ಕೂರುತ್ತಿದ್ದರು, ಏನು ಮಾತಾಡುತ್ತಿದ್ದರು, ಎಷ್ಟು ಹೊತ್ತು ಸುಮ್ಮನಿರುತ್ತಿದ್ದರು, ಯಾವಾಗ ಸಾಕು ಎನ್ನುತ್ತಿದ್ದರು, ಅದನ್ನೂ ಬರೆಯಿರಿ. ನಿಮಗೆ ಗೊತ್ತಿರುವುದೇ ಎಂದು ಬಿಡಬೇಡಿ. ನಮಗೆ ಗೊತ್ತಿಲ್ಲ. ನಿಮ್ಮ ಮನೆಗೆ ಬಿಸಿಲು ಬರುತ್ತಿದ್ದರೆ, ಒಂದು ದಿನ ಎಣ್ಣೆ ಹಚ್ಚಿಕೊಂಡು ಕೂತು, ಅದು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ನಮ್ಮ ಸಲುವಾಗಿ ನೋಡಿಡಿ.

ನಿಮ್ಮ ಉತ್ತರ ನಾಳೆಯೊಳಗೆ ಬರುವುದಿಲ್ಲ ಎಂದು ಗೊತ್ತು. ಆದ್ದರಿಂದ ನಾನೇ ಒಂದು ಉಪಾಯ ಮಾಡಿದ್ದೇನೆ. ಮೂರು ಗಂಟೆ ಅಂಗೈ ಸಿಗದಿದ್ದರೆ ತಾನೇ ಅವರು ಬಾಗಿಲು ತಟ್ಟುವುದು? ನಾಳೆ ಬೆಳಗ್ಗೆ ಹಂಡೆ ಬಂದ ಮೇಲೆ, ಮೊದಲ ಸದ್ದಿಗೆ ಅಂಗೈ ಒತ್ತಿ, ಕನ್ನಡಿ ಯಾವ ಕೆಲಸ ಹೇಳಿದರೂ ಬಾಗಿಲು ಹಾಕುತ್ತೇನೆ. ಆಯಿಗೆ ಎಣ್ಣೆ ಹಚ್ಚುತ್ತೇನೆ. ಕೈಯಲ್ಲಿ ಉಳಿದದ್ದನ್ನು ಒರೆಸುವುದಿಲ್ಲ, ನನ್ನ ನೆತ್ತಿಗೂ ಹಚ್ಚಿಕೊಂಡು ಕಾಲು ಚಾಚಿ ಅವಳ ಪಕ್ಕ ಕೂರುತ್ತೇನೆ. ಅವಳ ಕಾಲ್ಬೆರಳಿನ ನೆಟಿಗೆ ತೆಗೆಯುತ್ತೇನೆ. ಅವಳು ಸಾಕು ಎನ್ನುವವರೆಗೆ ತಂಬಿಗೆ ಮುಟ್ಟುವುದಿಲ್ಲ. ನೀರು ಆರಿದರೆ ಮತ್ತೆ ಕಲ್ಲು ಇಳಿಸುತ್ತೇನೆ.

ಮೂರು ಗಂಟೆ ದಾಟಿದರೆ ದಾಟಲಿ. ಬಾಗಿಲು ತಟ್ಟುವವರಿಗೆ ಏನು ಹೇಳಬೇಕೆಂದು ಆಯಿ ಕಲಿಸಿದ್ದಾಳೆ. ಹೊಸಬರ ಮುಂದೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ, ಅದಕ್ಕೆ ಈ ಸಂಜೆಯಿಂದ ಮೆಲ್ಲಗೆ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಆಯಿ ಮಲಗಿದಲ್ಲಿಂದಲೇ, "ಇನ್ನೊಂದೀಟು ಜೋರ ಹೇಳು, ಬಾಗಲದಾಚಿ ಕೇಳಬೇಕು" ಎನ್ನುತ್ತಿದ್ದಾಳೆ.

ಎಣ್ಣಿಗೈ ಐತ್ರಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಒಬ್ಬಳು,
ಸಾವಂತ್ರಿ